ಕಣದಲ್ಲಿರದೇ ಗೆದ್ದ ನಾಯಕ: ರಾಮಕೃಷ್ಣ ಹೆಗಡೆ ಮತ್ತು 1983ರ ಜನವರಿ

ಕರ್ನಾಟಕದ ರಾಜಕೀಯ ಇತಿಹಾಸದಲ್ಲಿ 1983ರ ಜನವರಿ ಮೊದಲ ವಾರಕ್ಕೆ ವಿಶೇಷ ಸ್ಥಾನವಿದೆ. ಜನವರಿ 5ರಂದು ರಾಜ್ಯ ವಿಧಾನಸಭೆಗೆ ಮತದಾನ ನಡೆಯಿತು. ಮತಯಂತ್ರಗಳು ವ್ಯಾಪಕವಾಗಿ ಬಳಕೆಗೆ ಬಾರದ ಕಾಲವದು. ಮತಪತ್ರಗಳ ಎಣಿಕೆ ನಿಧಾನವಾಗಿ ಸಾಗುತ್ತಿದ್ದಂತೆ ಜನರು ಆಕಾಶವಾಣಿಯ ವಾರ್ತೆಗಾಗಿ ಕಾದು ಕುಳಿತರು. ಪತ್ರಿಕಾ ಕಚೇರಿಗಳ ಮುಂದೆ ಜಮಾಯಿಸಿದರು. ಸ್ವಾತಂತ್ರ್ಯಾನಂತರ ಒಮ್ಮೆಯೂ ಸೋಲು ಕಾಣದ ಕಾಂಗ್ರೆಸ್ ಸೋತಿದೆ ಎಂಬುದು ಖಚಿತವಾದಾಗ ಊರೂರುಗಳಲ್ಲಿ ಪಟಾಕಿಗಳು ಸಿಡಿದವು, ಮೆರವಣಿಗೆಗಳು ಹೊರಟವು. ಚಕ್ರದೊಳಗೆ ನೇಗಿಲು ಹೊತ್ತ ರೈತನ ಚಿಹ್ನೆಯ ಜನತಾ ಪಕ್ಷ ಅಧಿಕಾರದ ಹೊಸ್ತಿಲಿಗೆ ಬಂದು ನಿಂತಿತ್ತು.

ಆದರೆ ಈ ಸಂಭ್ರಮದಲ್ಲಿ ಒಂದು ವಿಚಿತ್ರವಿತ್ತು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಯ ಪೀಠವೇರಲಿದ್ದ ವ್ಯಕ್ತಿ ಆ ಚುನಾವಣೆಯಲ್ಲಿ ಅಭ್ಯರ್ಥಿಯೇ ಆಗಿರಲಿಲ್ಲ. ರಾಜ್ಯದ ಯಾವ ಮತಪತ್ರದಲ್ಲೂ ರಾಮಕೃಷ್ಣ ಹೆಗಡೆ ಎಂಬ ಹೆಸರು ಮುದ್ರಿತವಾಗಿರಲಿಲ್ಲ. ಜನ ಗೆಲ್ಲಿಸಿದ್ದು ಒಂದು ಬದಲಾವಣೆಯನ್ನು; ಆ ಬದಲಾವಣೆಯ ಮುಖ ಯಾರದೆಂಬುದು ಫಲಿತಾಂಶದ ನಂತರ ತೀರ್ಮಾನವಾಯಿತು. ಹೆಗಡೆಯವರ ಮುಂದಿನ ಇಪ್ಪತ್ತೊಂದು ವರ್ಷಗಳ ಏಳುಬೀಳುಗಳ ಬೀಜ ಆ ಜನವರಿಯಲ್ಲೇ ಇತ್ತೆಂದರೆ ತಪ್ಪಾಗಲಾರದು.

ದೊಡ್ಮನೆಯಿಂದ ವಿಧಾನಸೌಧಕ್ಕೆ

ರಾಮಕೃಷ್ಣ ಹೆಗಡೆಯವರು 1926ರ ಆಗಸ್ಟ್ 29ರಂದು ಉತ್ತರ ಕನ್ನಡ ಜಿಲ್ಲೆ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ ಜನಿಸಿದರು. ಅಡಿಕೆ ತೋಟಗಳ ನಡುವಿನ ಆ ಪ್ರದೇಶ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಸ್ವಾತಂತ್ರ್ಯ ಹೋರಾಟದ ಕಾವು ತೀವ್ರವಾಗಿದ್ದ ಜಿಲ್ಲೆಯದು. 1942ರ ಭಾರತ ಬಿಟ್ಟು ತೊಲಗಿ ಚಳವಳಿಯ ಕಾಲದಲ್ಲಿ ಹೆಗಡೆಯವರೂ ಸೆರೆವಾಸ ಅನುಭವಿಸಿದರು. ವಾರಾಣಸಿಯ ಕಾಶಿ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿ, ಲಖನೌ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದರು. ಮಲೆನಾಡಿನ ಹಳ್ಳಿಯ ಈ ತರುಣ ಮುಂದೆ ದೆಹಲಿಯ ರಾಜಕಾರಣದಲ್ಲಿ ಹಿಂದಿಯನ್ನೂ ಇಂಗ್ಲಿಷನ್ನೂ ಸಲೀಸಾಗಿ ಬಳಸಬಲ್ಲವರಾದುದಕ್ಕೆ ಉತ್ತರ ಭಾರತದ ಈ ವಿದ್ಯಾಭ್ಯಾಸ ನೆರವಾಯಿತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1957ರ ಚುನಾವಣೆಯಲ್ಲಿ, ಹೆಗಡೆ ಕಾಂಗ್ರೆಸ್ ಅಭ್ಯರ್ಥಿಯಾಗಿ ವಿಧಾನಸಭೆ ಪ್ರವೇಶಿಸಿದರು. ಎಸ್. ನಿಜಲಿಂಗಪ್ಪನವರ ಗರಡಿಯಲ್ಲಿ ಪಳಗಿದ ಅವರು ಸಚಿವರಾಗಿ ಹಲವು ಖಾತೆಗಳನ್ನು ನಿರ್ವಹಿಸಿದರು. ಹೆಗಡೆ ಮತ್ತು ವೀರೇಂದ್ರ ಪಾಟೀಲರನ್ನು ನಿಜಲಿಂಗಪ್ಪನವರ ಲವ-ಕುಶರೆಂದೇ ಜನ ಕರೆಯುತ್ತಿದ್ದರು. ಹಣಕಾಸು ಖಾತೆ ಹೆಗಡೆಯವರಿಗೆ ಅಚ್ಚುಮೆಚ್ಚಿನದು. ಒಟ್ಟು 13 ಬಜೆಟ್ ಮಂಡಿಸಿದ ಅವರ ದಾಖಲೆ ದೀರ್ಘಕಾಲ ಅಬಾಧಿತವಾಗಿತ್ತು. 2023ರಲ್ಲಿ ಸಿದ್ದರಾಮಯ್ಯನವರು ಅದನ್ನು ಮೀರಿದರು.

1969ರಲ್ಲಿ ಕಾಂಗ್ರೆಸ್ ಒಡೆಯಿತು. ಇಂದಿರಾ ಗಾಂಧಿಯವರ ಅಲೆ ಬೀಸುತ್ತಿದ್ದರೂ ಹೆಗಡೆ ತಮ್ಮ ಗುರುವಿನೊಂದಿಗೆ ಸಂಸ್ಥಾ ಕಾಂಗ್ರೆಸ್ಸಿನಲ್ಲೇ ಉಳಿದರು. ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕರಾದರು. ತುರ್ತು ಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದರು. 1977ರಲ್ಲಿ ಜನತಾ ಪಕ್ಷ ರಚನೆಯಾದಾಗ ಅದರ ಪ್ರಧಾನ ಕಾರ್ಯದರ್ಶಿಗಳಲ್ಲಿ ಒಬ್ಬರಾದರು. 1978ರಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. 1983ರ ಚುನಾವಣೆಯ ಹೊತ್ತಿಗೆ ಅವರು ದೆಹಲಿಯ ನಾಯಕ. ರಾಜ್ಯದಲ್ಲಿ ಅವರಿಗೆ ಸ್ವಂತ ಮತಕ್ಷೇತ್ರವಾಗಲಿ, ದೊಡ್ಡ ಜಾತಿಯ ಬೆಂಬಲವಾಗಲಿ ಇರಲಿಲ್ಲ.

ಕುಸಿದ ಭದ್ರಕೋಟೆ

ಆ ಚುನಾವಣೆಯನ್ನು ಐತಿಹಾಸಿಕವೆಂದು ಕರೆಯುವುದೇಕೆಂಬುದನ್ನು ಅಂಕಿಸಂಖ್ಯೆಗಳೇ ಹೇಳುತ್ತವೆ. 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 27 ಸ್ಥಾನಗಳನ್ನೂ ಗೆದ್ದಿತ್ತು. ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಧೂಳೀಪಟವಾದರೂ ಕರ್ನಾಟಕದ 28ರಲ್ಲಿ 26 ಸ್ಥಾನಗಳು ಅದರ ಪಾಲಾದವು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಅವರಿಗೆ ರಾಜಕೀಯ ಮರುಜನ್ಮ ನೀಡಿದ್ದೂ ಇದೇ ರಾಜ್ಯ. 1980ರಲ್ಲಿ 28ರಲ್ಲಿ 27 ಸ್ಥಾನಗಳು ಮತ್ತೆ ಕಾಂಗ್ರೆಸ್ಸಿಗೆ ಸಂದವು.

ಅಂಥ ಕೋಟೆ ಮೂರೇ ವರ್ಷಗಳಲ್ಲಿ ಬಿರುಕು ಬಿಟ್ಟಿತು. ಗುಂಡೂರಾವ್ ಸರ್ಕಾರದ ಅವಧಿಯಲ್ಲಿ, 1980ರ ಜುಲೈನಲ್ಲಿ, ನರಗುಂದ-ನವಲಗುಂದದ ರೈತರ ಮೇಲೆ ಗೋಲಿಬಾರ್ ನಡೆಯಿತು. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ಆ ಕಿಚ್ಚು ರಾಜ್ಯದಾದ್ಯಂತ ರೈತ ಚಳವಳಿಯಾಗಿ ಹಬ್ಬಿತು. 1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಧುಮುಕಿದಾಗ ಲಕ್ಷಾಂತರ ಕನ್ನಡಿಗರು ಬೀದಿಗಿಳಿದರು. ರೈತರು, ಕನ್ನಡ ಹೋರಾಟಗಾರರು, ಕಾರ್ಮಿಕರು, ವಿದ್ಯಾರ್ಥಿಗಳು ಬೇರೆ ಬೇರೆ ಕಾರಣಗಳಿಗಾಗಿ ಒಂದೇ ಸರ್ಕಾರದ ವಿರುದ್ಧ ನಿಂತಿದ್ದರು.

ಫಲಿತಾಂಶದಲ್ಲಿ ಜನತಾ-ಕ್ರಾಂತಿರಂಗ ಮೈತ್ರಿಗೆ 95, ಕಾಂಗ್ರೆಸ್ಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18 ಸ್ಥಾನಗಳು ದೊರೆತವು. ಮುಖ್ಯಮಂತ್ರಿ ಗುಂಡೂರಾವ್ ಸೋಮವಾರಪೇಟೆಯಲ್ಲಿ ಸ್ವತಃ ಪರಾಭವಗೊಂಡರು. ಅದೇ ಸಮಯದಲ್ಲಿ ನೆರೆಯ ಆಂಧ್ರ ಪ್ರದೇಶದಲ್ಲಿ ಎನ್.ಟಿ. ರಾಮರಾವ್ ಅವರ ಹೊಸ ಪಕ್ಷ ತೆಲುಗು ದೇಶಂ ಭಾರೀ ಬಹುಮತ ಗಳಿಸಿತು. ದಕ್ಷಿಣದ ಎರಡು ಕೋಟೆಗಳು ಒಮ್ಮೆಲೇ ಉರುಳಿದವು.

ಸಂಭ್ರಮದ ಒಳಗಿನ ಕಹಿ

ಆದರೆ ಆ ದಿನಗಳ ಸಂತೋಷ ಎಲ್ಲರಿಗೂ ಒಂದೇ ಬಗೆಯದಾಗಿರಲಿಲ್ಲ. 224 ಸ್ಥಾನಗಳ ಸದನದಲ್ಲಿ 95 ಎಂದರೆ ಬಹುಮತವಲ್ಲ. ಗೆದ್ದವರಿಗೂ ಅಧಿಕಾರ ತಮ್ಮ ಕೈಯಲ್ಲೇ ಪೂರ್ಣವಾಗಿ ಇಲ್ಲವೆಂಬ ಅರಿವಿತ್ತು. ಗೆಲುವಿನ ಹಿಂದಿದ್ದ ಒಂದು ದೊಡ್ಡ ಶಕ್ತಿ ಆಗಲೇ ಕಣ್ಮರೆಯಾಗಿತ್ತು. ಕಾಂಗ್ರೆಸ್ಸಿನಿಂದ ಹೊರಬಂದು ಕ್ರಾಂತಿರಂಗ ಕಟ್ಟಿದ್ದ ದೇವರಾಜ ಅರಸು 1982ರ ಜೂನ್ 6ರಂದು ನಿಧನರಾಗಿದ್ದರು. ಇಂದಿರಾ ಅವರನ್ನು ಚಿಕ್ಕಮಗಳೂರಿಗೆ ಕರೆತಂದು ಗೆಲ್ಲಿಸಿ, ಬಳಿಕ ಅವರಿಂದಲೇ ದೂರವಾದ ಅರಸು, ಇಂದಿರಾ ಪಕ್ಷದ ಈ ಸೋಲನ್ನು ಕಾಣಲಿಲ್ಲ.

ಅರಸು ಅವರ ನಂತರ ಕ್ರಾಂತಿರಂಗವನ್ನು ಮುನ್ನಡೆಸಿದವರು ಸೊರಬದ ಎಸ್. ಬಂಗಾರಪ್ಪ. ಹಿಂದುಳಿದ ವರ್ಗಗಳ ನಾಯಕನಾಗಿ ರಾಜ್ಯವಿಡೀ ಸುತ್ತಿದ್ದ ಅವರೇ ಮುಖ್ಯಮಂತ್ರಿಯಾಗುವರೆಂದು ಅವರ ಬೆಂಬಲಿಗರು ನಂಬಿದ್ದರು. ಎಸ್.ಆರ್. ಬೊಮ್ಮಾಯಿ ಮತ್ತು ಎಚ್.ಡಿ. ದೇವೇಗೌಡರ ಹೆಸರುಗಳೂ ಚಲಾವಣೆಯಲ್ಲಿದ್ದವು. ಒಬ್ಬರನ್ನು ಆರಿಸಿದರೆ ಮತ್ತೊಬ್ಬರು ಮುನಿಯುವ ಪರಿಸ್ಥಿತಿ. ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಚಂದ್ರಶೇಖರ್ ಜನವರಿ 6ರಂದು ಕನ್ಯಾಕುಮಾರಿಯಿಂದ ತಮ್ಮ ಪಾದಯಾತ್ರೆ ಆರಂಭಿಸಿದ್ದರು. ಕೊನೆಗೆ ಯಾವ ಬಣಕ್ಕೂ ಪೂರ್ಣವಾಗಿ ಸೇರದ, ಯಾವ ಬಣವೂ ಪೂರ್ಣವಾಗಿ ವಿರೋಧಿಸಲಾಗದ ಹೆಗಡೆಯವರತ್ತ ಒಲವು ಹರಿಯಿತು. ಸ್ವಂತ ಬಲವಿಲ್ಲದಿರುವುದೇ ಅವರ ಬಲವಾಯಿತು.

ಜನವರಿ 10ರಂದು ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಒಂದೆಡೆ ಮೂವತ್ತಾರು ವರ್ಷಗಳ ಏಕಪಕ್ಷ ಆಳ್ವಿಕೆ ಅಂತ್ಯವಾಯಿತೆಂಬ ಹರ್ಷ. ಮತ್ತೊಂದೆಡೆ ದುಡಿದವರೊಬ್ಬರು, ಫಲ ಉಂಡವರು ಇನ್ನೊಬ್ಬರೆಂಬ ಬಂಗಾರಪ್ಪ ಬಳಗದ ಬೇಗುದಿ. ಆ ಗಾಯ ಮಾಯಲಿಲ್ಲ. ಬಂಗಾರಪ್ಪ ಮರಳಿ ಕಾಂಗ್ರೆಸ್ ಸೇರಿದರು. 1990ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಯೂ ಆದರು.

ಎರಡು ತಿಂಗಳಲ್ಲಿ ಎರಡು ತೀರ್ಪು

ಬಿಜೆಪಿ, ಎಡಪಕ್ಷಗಳು ಹಾಗೂ ಪಕ್ಷೇತರರ ಬೆಂಬಲದ ಮೇಲೆ ನಿಂತ ಸರ್ಕಾರ ಹೆಚ್ಚು ದಿನ ಬಾಳದೆಂಬ ಭವಿಷ್ಯವಾಣಿಗಳು ಕೇಳಿಬಂದವು. ಪಿ.ಜಿ.ಆರ್. ಸಿಂಧ್ಯ ತೆರವುಗೊಳಿಸಿದ ಕನಕಪುರದಿಂದ ಉಪಚುನಾವಣೆಯಲ್ಲಿ ಗೆದ್ದು ಹೆಗಡೆ ವಿಧಾನಸಭೆ ಪ್ರವೇಶಿಸಿದರು. 1983ರ ಮಾರ್ಚ್‌ನಲ್ಲಿ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿನಲ್ಲಿ ಸೇರಿಸಿ ಕೇಂದ್ರ-ರಾಜ್ಯ ಸಂಬಂಧಗಳ ಪ್ರಶ್ನೆಯನ್ನು ಮುನ್ನೆಲೆಗೆ ತಂದರು. ಅದೇ ತಿಂಗಳು ಕೇಂದ್ರ ಸರ್ಕಾರ ಸರ್ಕಾರಿಯಾ ಆಯೋಗವನ್ನು ಘೋಷಿಸಿತು. ಭ್ರಷ್ಟಾಚಾರದ ದೂರುಗಳ ವಿಚಾರಣೆಗೆ ಲೋಕಾಯುಕ್ತ ಕಾನೂನು 1984ರಲ್ಲಿ ಬಂತು.

1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯಾಯಿತು. ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಅನುಕಂಪದ ಅಲೆ ಕರ್ನಾಟಕವನ್ನೂ ಆವರಿಸಿತು. 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಉಳಿದದ್ದು ಕೇವಲ ನಾಲ್ಕು. ಅದು ವಿಧಾನಸಭೆಯ ಚುನಾವಣೆಯಲ್ಲ, ಸರ್ಕಾರಕ್ಕೆ ಕಾನೂನಿನ ತೊಡಕೂ ಇರಲಿಲ್ಲ. ಆದರೂ ಜನರ ವಿಶ್ವಾಸ ಕಳೆದುಕೊಂಡ ಮೇಲೆ ಮುಂದುವರಿಯುವ ನೈತಿಕ ಹಕ್ಕಿಲ್ಲವೆಂಬ ನೆಲೆಯಲ್ಲಿ ಹೆಗಡೆ ರಾಜೀನಾಮೆ ನೀಡಿ ಹೊಸ ಜನಾದೇಶ ಕೋರಿದರು. ಇದು ತತ್ತ್ವನಿಷ್ಠೆಯೋ, ಅಲ್ಪಮತದ ಸಂಕೋಲೆಯಿಂದ ಬಿಡಿಸಿಕೊಳ್ಳುವ ಜಾಣ್ಮೆಯೋ ಎಂಬ ಚರ್ಚೆ ಅಂದೂ ನಡೆಯಿತು. ಬಹುಶಃ ಎರಡೂ ಹೌದು.

1985ರ ಮಾರ್ಚ್‌ನಲ್ಲಿ ಮತದಾರರು ತೀರ್ಪಿತ್ತರು. ಜನತಾ ಪಕ್ಷಕ್ಕೆ 139, ಕಾಂಗ್ರೆಸ್ಸಿಗೆ 65 ಸ್ಥಾನಗಳು. ದೆಹಲಿಗೆ ರಾಜೀವ್ ಗಾಂಧಿಯವರನ್ನು ಆರಿಸಿದ್ದ ಜನರೇ ಎರಡೂವರೆ ತಿಂಗಳೊಳಗೆ ಬೆಂಗಳೂರಿಗೆ ಹೆಗಡೆಯವರನ್ನು ಆರಿಸಿದರು. ಲೋಕಸಭೆ ಬೇರೆ, ವಿಧಾನಸಭೆ ಬೇರೆ ಎಂದು ಅಳೆದು ತೂಗಿ ಮತ ಹಾಕುವ ಕನ್ನಡಿಗರ ವಿವೇಕಕ್ಕೆ ಈ ಚುನಾವಣೆ ಇಂದಿಗೂ ಉದಾಹರಣೆ. ಬಸವನಗುಡಿಯಿಂದ ಹೆಗಡೆ ಗೆದ್ದರು. ಈ ಬಾರಿಯ ವಿಜಯೋತ್ಸವದಲ್ಲಿ ಅವರ ಹೆಸರು ಮತಪತ್ರದಲ್ಲೂ ಇತ್ತು, ಘೋಷಣೆಯಲ್ಲೂ ಇತ್ತು.

ಹಳ್ಳಿಗೆ ಇಳಿದ ಅಧಿಕಾರ

ಹೆಗಡೆ ಆಡಳಿತದ ಶಾಶ್ವತ ಕೊಡುಗೆ ಪಂಚಾಯತ್ ವ್ಯವಸ್ಥೆ. 1983ರಲ್ಲೇ ವಿಧಾನಮಂಡಲದ ಮುಂದೆ ಬಂದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ. ಈ ಕಾನೂನಿನ ಹಿಂದಿನ ಪ್ರೇರಕ ಶಕ್ತಿ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಬರಪೀಡಿತ ಹಳ್ಳಿಗಳಲ್ಲಿ ಕೊಳವೆ ಬಾವಿ ಕೊರೆಸಿ ನೀರ್ ಸಾಬ್ ಎಂದು ಹೆಸರಾದ ಅವರನ್ನು ಹೆಗಡೆ ಪೂರ್ಣವಾಗಿ ನಂಬಿದರು, ಅಡ್ಡಬಂದ ಶಾಸಕರನ್ನೂ ಅಧಿಕಾರಿಗಳನ್ನೂ ಎದುರು ಹಾಕಿಕೊಂಡರು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ ಪರಿಷತ್ತಿನ ಮುಖ್ಯ ಕಾರ್ಯದರ್ಶಿ, ಮಹಿಳೆಯರಿಗೆ ಶೇ 25ರಷ್ಟು ಮೀಸಲು ಸ್ಥಾನ - ಇವು ಅಂದಿಗೆ ಕ್ರಾಂತಿಕಾರಕ ಅಂಶಗಳೇ ಆಗಿದ್ದವು.

ರಾಜಧಾನಿಯ ಉತ್ತರ ಅಂಚಿನ ಚಿತ್ರಣವೂ ಈ ಕಾಲದಲ್ಲೇ ಬದಲಾಯಿತು. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆಯನ್ನು ನಗರ ಮತ್ತು ಗ್ರಾಮಾಂತರ ಎಂದು ಇಬ್ಭಾಗಿಸಲಾಯಿತು. ಹೆಬ್ಬಾಳ, ಯಲಹಂಕ ನಗರ ಜಿಲ್ಲೆಯಲ್ಲಿ ಉಳಿದವು. ಅದೇ ಬಳ್ಳಾರಿ ರಸ್ತೆಯಲ್ಲಿ ಮುಂದಿರುವ ದೇವನಹಳ್ಳಿ ಗ್ರಾಮಾಂತರಕ್ಕೆ ಸೇರಿತು. ಹೆಬ್ಬಾಳವೆಂದರೆ ಆಗ ಕೆರೆ, ಹೊಲಗದ್ದೆ ಮತ್ತು 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ. ಮೇಲ್ಸೇತುವೆಯಾಗಲಿ, ವಿಮಾನ ನಿಲ್ದಾಣದತ್ತ ಧಾವಿಸುವ ವಾಹನಗಳ ಸಾಲಾಗಲಿ ಯಾರ ಕಲ್ಪನೆಯಲ್ಲೂ ಇರಲಿಲ್ಲ.

1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು 50 ಸಾವಿರಕ್ಕೂ ಹೆಚ್ಚು ಮಂದಿ ಆಯ್ಕೆಯಾದರು. ಅದರಲ್ಲಿ ಕಾಲುಭಾಗ ಮಹಿಳೆಯರು. 1983ರ ಗೆಲುವು ವಿಧಾನಸೌಧದ ಅಧಿಕಾರವನ್ನು ಕೈ ಬದಲಿಸಿತು. 1987ರ ಚುನಾವಣೆ ಆ ಅಧಿಕಾರದ ಒಂದು ಪಾಲನ್ನು ಹಳ್ಳಿಗೆ ತಲುಪಿಸಿತು. ಮೊದಲನೆಯದಕ್ಕೆ ಸಿಡಿದಷ್ಟು ಪಟಾಕಿಗಳು ಎರಡನೆಯದಕ್ಕೆ ಸಿಡಿಯಲಿಲ್ಲ. ಆದರೆ ದೇಶ ಅನುಸರಿಸಿದ್ದು ಎರಡನೆಯದನ್ನು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಗೆ ಕರ್ನಾಟಕದ ಪ್ರಯೋಗ ಪ್ರಮುಖ ಮಾದರಿಗಳಲ್ಲಿ ಒಂದಾಯಿತು.

ಇಳಿಜಾರಿನ ದಿನಗಳು

ಮೌಲ್ಯಾಧಾರಿತ ರಾಜಕಾರಣದ ಮಾತನ್ನು ಮನೆಮಾತಾಗಿಸಿದ ನಾಯಕನನ್ನು ಜನ ಅದೇ ಅಳತೆಗೋಲಿನಿಂದ ಅಳೆದರು. ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಪ್ರಕರಣದಲ್ಲಿ ಹೈಕೋರ್ಟ್ ಸರ್ಕಾರದ ವಿರುದ್ಧ ಟೀಕೆ ಮಾಡಿದಾಗ 1986ರ ಫೆಬ್ರುವರಿಯಲ್ಲಿ ಹೆಗಡೆ ರಾಜೀನಾಮೆ ಸಲ್ಲಿಸಿದರು. ಮೂರೇ ದಿನಗಳಲ್ಲಿ ಅದನ್ನು ಹಿಂಪಡೆದರು. ಹಿಂದಿನ ರಾಜೀನಾಮೆ ತಂದ ಗೌರವ ಈ ಬಾರಿ ದೊರೆಯಲಿಲ್ಲ. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆ ವಿವಾದ ಸ್ಫೋಟಿಸಿತು. ರಾಜಕಾರಣಿಗಳು ಮತ್ತು ಪತ್ರಕರ್ತರ ಮಾತುಕತೆಗಳನ್ನು ಕದ್ದು ಕೇಳಲಾಗಿದೆಯೆಂಬ ಆರೋಪದ ಹೊಣೆ ಹೊತ್ತು ಅವರು ಪದತ್ಯಾಗ ಮಾಡಿದರು. ತುರ್ತು ಪರಿಸ್ಥಿತಿಯ ವಿರುದ್ಧ ಸೆರೆಮನೆ ಸೇರಿದ್ದ ವ್ಯಕ್ತಿಯ ಮೇಲೆ ಬಂದ ಈ ಆರೋಪ ಅವರ ಅಭಿಮಾನಿಗಳನ್ನೂ ನೋಯಿಸಿತು. ಅದೇ ಅಕ್ಟೋಬರ್‌ನಲ್ಲಿ ನಜೀರ್ ಸಾಬ್ ಕೂಡ ತೀರಿಕೊಂಡರು.

ಉತ್ತರಾಧಿಕಾರಿ ಬೊಮ್ಮಾಯಿಯವರ ಸರ್ಕಾರ 1989ರ ಏಪ್ರಿಲ್‌ನಲ್ಲಿ ವಜಾಗೊಂಡಿತು. ಆ ವಜಾ ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ನೀಡಿದ ತೀರ್ಪು ರಾಜ್ಯ ಸರ್ಕಾರಗಳ ರಕ್ಷಾಕವಚವಾಯಿತು. ಆದರೆ 1989ರ ವರ್ಷಾಂತ್ಯದ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನಗಳೊಂದಿಗೆ ಮರಳಿತು. ಈ ಬಾರಿ ಮುಖ್ಯಮಂತ್ರಿಯಾದವರು ಬೇರಾರೂ ಅಲ್ಲ, ಲವ-ಕುಶ ಜೋಡಿಯ ಇನ್ನೊಬ್ಬರಾದ ವೀರೇಂದ್ರ ಪಾಟೀಲ್.

ಕೇಂದ್ರದಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಂದಾಗ ಹೆಗಡೆ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಅಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ಅವರನ್ನು ಸೋಲಿಸಿದವರು ಸಿದ್ದು ನ್ಯಾಮಗೌಡ. ಸರ್ಕಾರಕ್ಕಾಗಿ ಕಾಯದೆ ರೈತರ ಹಣ ಮತ್ತು ಶ್ರಮದಾನದಿಂದಲೇ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿಸಿದ್ದ ಮುಂದಾಳು ಅವರು. ಹಳ್ಳಿಗರು ತಮ್ಮ ಏಳಿಗೆಯನ್ನು ತಾವೇ ರೂಪಿಸಿಕೊಳ್ಳಬೇಕೆಂದು ಕಾನೂನು ತಂದ ನಾಯಕ, ಅದನ್ನು ಮಾಡಿ ತೋರಿಸಿದವರ ಮುಂದೆ ಸೋತದ್ದು ವಿಧಿಯ ವಿಲಾಸ.

1994ರ ಡಿಸೆಂಬರ್‌ನಲ್ಲಿ ಜನತಾ ದಳ ರಾಜ್ಯದಲ್ಲಿ ಸ್ವಂತ ಬಲದಿಂದ ಅಧಿಕಾರಕ್ಕೆ ಬಂದಾಗ ಮತ್ತೆ ಮೆರವಣಿಗೆಗಳು ಹೊರಟವು. ಮುಖ್ಯಮಂತ್ರಿಯಾದವರು ದೇವೇಗೌಡರು. 1983ರಲ್ಲಿ ಬಂಗಾರಪ್ಪ ಬೆಂಬಲಿಗರು ಉಂಡ ನಿರಾಸೆಯನ್ನು ಈಗ ಹೆಗಡೆ ಬೆಂಬಲಿಗರು ಉಂಡರು. 1996ರ ಜೂನ್‌ನಲ್ಲಿ ಗೌಡರು ಪ್ರಧಾನಿಯಾಗಿ, ಕನ್ನಡಿಗರೊಬ್ಬರು ದೆಹಲಿಯ ಗದ್ದುಗೆಯೇರಿದ ಹೆಮ್ಮೆ ನಾಡೆಲ್ಲ ತುಂಬಿತ್ತು. ಅದೇ ತಿಂಗಳು ಹೆಗಡೆಯವರನ್ನು ಜನತಾ ದಳದಿಂದ ಉಚ್ಚಾಟಿಸಲಾಯಿತು. ಬಳಿಕ ಅವರು ಲೋಕಶಕ್ತಿ ಪಕ್ಷ ಕಟ್ಟಿ, 1998ರಲ್ಲಿ ಬಿಜೆಪಿಯೊಂದಿಗೆ ಮೈತ್ರಿ ಮಾಡಿಕೊಂಡು ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾದರು. 1983ರಲ್ಲಿ ಅವರಿಗೆ ಆಧಾರವಾಗಿದ್ದ 18 ಶಾಸಕರ ಪಕ್ಷ ಈಗ ಹಿರಿಯ ಪಾಲುದಾರನಾಗಿತ್ತು. ಈ ಮೈತ್ರಿಯನ್ನು ಅವರ ಹಳೆಯ ಸಮಾಜವಾದಿ ಮಿತ್ರರಲ್ಲಿ ಹಲವರು ಒಪ್ಪಲಿಲ್ಲ.

ಉಳಿದದ್ದೇನು?

ದೀರ್ಘ ಕಾಲದ ಅನಾರೋಗ್ಯದ ನಂತರ ರಾಮಕೃಷ್ಣ ಹೆಗಡೆ 2004ರ ಜನವರಿ 12ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅವರಿಗೆ 77 ವರ್ಷ. ಮೊದಲ ಪ್ರಮಾಣವಚನದ ವಾರ್ಷಿಕ ದಿನ ಕಳೆದು ಎರಡೇ ದಿನವಾಗಿತ್ತು. ಬೊಮ್ಮಾಯಿ 2007ರಲ್ಲಿ, ಬಂಗಾರಪ್ಪ 2011ರಲ್ಲಿ ಅಗಲಿದರು. 1983ರ ಮೆರವಣಿಗೆಯ ಮುಂಚೂಣಿಯಲ್ಲಿದ್ದವರಲ್ಲಿ ಬಹುತೇಕರು ಈಗ ನೆನಪು ಮಾತ್ರ.

ಹೆಗಡೆಯವರ ಬದುಕು ಹೇಳುವ ಪಾಠ ಸರಳವಾದುದು. ಚುನಾವಣೆಯ ಗೆಲುವು ಜನ ಕೊಟ್ಟ ಸಾಲ. ಅದನ್ನು ತೀರಿಸುವ ಬಗೆ ಅಧಿಕಾರವನ್ನು ಜನರಿಗೇ ಹಿಂದಿರುಗಿಸುವುದು. ಅವರು ಆ ಸಾಲದ ಒಂದು ಭಾಗವನ್ನು ಪಂಚಾಯಿತಿಗಳ ಮೂಲಕ ತೀರಿಸಿದರು. ತೀರಿಸಲಾಗದೆ ಉಳಿದ ಭಾಗಕ್ಕೆ ತಮ್ಮ ಕುರ್ಚಿಯನ್ನೂ ವರ್ಚಸ್ಸನ್ನೂ ತೆತ್ತರು.

ಆದರೆ ಹಿಂದಿರುಗಿಸಿದ ಅಧಿಕಾರವೂ ಸುಭದ್ರವಲ್ಲ. 1987ರಲ್ಲಿ ಆಯ್ಕೆಯಾದ ಜಿಲ್ಲಾ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಅಂದಿನ ಸರ್ಕಾರ ಸಕಾಲಕ್ಕೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಿತು. ಇದು ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಹೆಬ್ಬಾಳ, ಯಲಹಂಕ, ಯಶವಂತಪುರಗಳನ್ನೊಳಗೊಂಡ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರಲ್ಲಿ ಆ ಪಾಲಿಕೆಯನ್ನೇ ಐದು ಪಾಲಿಕೆಗಳಾಗಿ ವಿಂಗಡಿಸುವವರೆಗೂ ವಾರ್ಡಿಗೊಬ್ಬ ಸದಸ್ಯನನ್ನು ಆರಿಸುವ ಅವಕಾಶ ನಾಗರಿಕರಿಗೆ ದೊರೆಯಲಿಲ್ಲ. ಈ ನಡುವೆ ವಿಧಾನಸಭೆಗೂ ಲೋಕಸಭೆಗೂ ಚುನಾವಣೆಗಳು ನಡೆದವು, ವಿಜಯೋತ್ಸವಗಳೂ ನಡೆದವು. ಕೆರೆಯ ಒತ್ತುವರಿಗೆ, ಕಸಕ್ಕೆ, ಹಾಳಾದ ರಸ್ತೆಗೆ ಉತ್ತರ ಹೇಳಬೇಕಾದ ಪ್ರತಿನಿಧಿಯ ಸ್ಥಾನ ಮಾತ್ರ ಖಾಲಿಯಿತ್ತು.

ಪ್ರತಿ ಜನವರಿಯಲ್ಲಿ ಹೆಗಡೆಯವರ ಭಾವಚಿತ್ರಕ್ಕೆ ಮಾಲೆ ಹಾಕುವ ಪಕ್ಷಗಳು ಹಲವು. ಅವರ ಶಿಷ್ಯರೆಂದು ಹೇಳಿಕೊಳ್ಳುವವರು ಎಲ್ಲ ಪಾಳೆಯಗಳಲ್ಲೂ ಇದ್ದಾರೆ. ಸ್ಥಳೀಯ ಸಂಸ್ಥೆಗಳಿಗೆ ಕಾಲಕಾಲಕ್ಕೆ ಚುನಾವಣೆ ನಡೆಸುವುದೇ ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ. ಮಾಲೆಗಿಂತ ಅದು ಹೆಚ್ಚು ಕಾಲ ಬಾಡದೆ ಉಳಿಯುತ್ತದೆ.